ವಿಡಿಯೊ ಗೇಮ್ ಸಂಗೀತ

ವಿಡಿಯೊ ಗೇಮ್ ಸಂಗೀತ: ಟಿ.ವಿ., ಕಂಪ್ಯೂಟರ್ ಅಥವಾ ಮೊಬೈಲ್ ಪರದೆಯ ಮೇಲೆ ಆಡುವ ಆಟಗಳಿಗಾಗಿ ರಚಿಸಿದ ಸಂಗೀತ. ಇದನ್ನು ಸಿನಿಮಾ ಸಂಗೀತದ ಜೊತೆಗಿಟ್ಟು ನೋಡುವುದು ರೂಢಿ. ಆದರೆ ಸಿನಿಮಾದ ಒಂದು ದೃಶ್ಯ ಎಷ್ಟು ಹೊತ್ತು ನಡೆಯುತ್ತದೆಂಬುದು ಸಂಗೀತ ನಿರ್ದೇಶಕರಿಗೆ ಮೊದಲೇ ಗೊತ್ತಿರುತ್ತದೆ. ಆಟದ ದೃಶ್ಯ ಹತ್ತು ಸೆಕೆಂಡಿಗೇ ಮುಗಿಯಬಹುದು, ಗಂಟೆಗಟ್ಟಲೆ ಎಳೆಯಲೂಬಹುದು. ಅಲ್ಲಿ ಕಾಲವಿರುವುದು ಆಡುವವರ ಕೈಯಲ್ಲಿ. ಹಾಗಾಗಿ ಧಾಟಿ ಎಷ್ಟು ಸಲ ಮರಳಿ ಬಂದರೂ ಬೇಸರ ತರಿಸಬಾರದು, ಎಲ್ಲಿ ಕಡಿದರೂ ಅಪಸ್ವರವೆನಿಸಬಾರದು. ಈ ಸಂಗೀತದ ಅರ್ಧ ಶತಮಾನದ ಇತಿಹಾಸದಲ್ಲಿ ನಿಜಕ್ಕೂ ಸ್ವಾರಸ್ಯವಿರುವುದು ರಚನಕಾರರು ಈ ತೊಡಕನ್ನು ಬಿಡಿಸಿಕೊಂಡ ಬಗೆಗಳಲ್ಲಿ.

ಅಮೆರಿಕದ ಅಟಾರಿ ಕಂಪನಿಯ ‘ಪಾಂಗ್’ (1972) ಆಟದಲ್ಲಿ ಇದ್ದದ್ದು ಚೆಂಡು ಬಡಿದಾಗಿನ ಬೀಪ್ ಮಾತ್ರ. ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾದೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ (1978) ಆಟದಲ್ಲಿ ಮೊದಲ ದೊಡ್ಡ ಹೆಜ್ಜೆ ಕಾಣುತ್ತದೆ. ಅದರಲ್ಲಿ ಕೆಳಗಿಳಿಯುವ ನಾಲ್ಕು ಮಂದ್ರ ಸ್ವರಗಳು ಬಿಡದೆ ಮೊಳಗುತ್ತವೆ. ಶತ್ರುಗಳು ಒಬ್ಬೊಬ್ಬರಾಗಿ ಉರುಳಿದಂತೆ ಉಳಿದವರ ನಡಿಗೆ ಬಿರುಸಾಗುತ್ತದೆ, ಜೊತೆಗೆ ಆ ಸ್ವರಗಳ ಲಯವೂ. ಸಂಗೀತವೆನ್ನಲು ಅಷ್ಟೇನೂ ಇಲ್ಲ. ಆದರೂ ಆಟದ ಸ್ಥಿತಿಗೆ ಕಿವಿಗೊಟ್ಟು ಬದಲಾಗುವ ಗುಣ ಆಗಲೇ ಅಲ್ಲಿತ್ತು. 1980ರಲ್ಲಿ ನಾಮ್ಕೊ ಕಂಪನಿಯ ‘ರ್‍ಯಾಲಿ-ಎಕ್ಸ್’ ಆಟದುದ್ದಕ್ಕೂ ಹಿನ್ನೆಲೆ ಸಂಗೀತ ನುಡಿಸಿತು. ಅದೇ ಕಂಪನಿಯ ‘ಡಿಗ್ ಡಗ್’ಗೆ (1982) ಯುರಿಕೊ ಕೇಯ್ನೊ ಬರೆದ ಸಂಗೀತ ಇನ್ನೂ ಜಾಣತನದ್ದು. ನಾಯಕ ನಡೆದರೆ ಧಾಟಿ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ. ಹೆಜ್ಜೆ ಸಪ್ಪಳ ಬೇಕೆಂದು ಕೇಳಿದವರಿಗೆ ಆಕೆ ಒಂದು ರಾಗವನ್ನೇ ಕೊಟ್ಟರು.

1983ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಮನೆಯಾಟದ ಯಂತ್ರವನ್ನು ಬಿಡುಗಡೆ ಮಾಡಿತು. ಅದರ ರಿಕೊ ಚಿಪ್‌ನಲ್ಲಿ ಐದು ಧ್ವನಿಮಾರ್ಗಗಳಿದ್ದವು: ಚೌಕ ಅಲೆಯ ಎರಡು, ತ್ರಿಕೋನ ಅಲೆಯ ಒಂದು, ಗದ್ದಲದ ಒಂದು, ಚಿಕ್ಕ ಧ್ವನಿಮುದ್ರಿಕೆಗಳಿಗೆ ಇನ್ನೊಂದು. ಚೌಕ ಅಲೆಗಳಲ್ಲಿ ರಾಗವೂ ಅದರ ಜೊತೆಸ್ವರವೂ, ತ್ರಿಕೋನ ಅಲೆಯಲ್ಲಿ ಮಂದ್ರ, ಗದ್ದಲದಲ್ಲಿ ತಾಳ ಎಂಬ ಹಂಚಿಕೆ ಬೇಗನೆ ರೂಢಿಗೆ ಬಂತು. ಗುಂಡು ಹಾರಿದ, ನೆಗೆದ ಸದ್ದಿಗೂ ಇವೇ ಮಾರ್ಗಗಳು ಬೇಕಾದ್ದರಿಂದ ಆಗಾಗ ಒಂದು ಸ್ವರ ನುಂಗಿಹೋಗುತ್ತಿತ್ತು.

ಈ ಇಕ್ಕಟ್ಟಿನಲ್ಲಿ ಅರಳಿದ ಪ್ರತಿಭೆ ಕೋಜಿ ಕೊಂಡೊ. 1984ರಲ್ಲಿ ನಿಂಟೆಂಡೊ ಸೇರಿದ ಇವರು ಮರುವರ್ಷವೇ ‘ಸೂಪರ್ ಮಾರಿಯೊ ಬ್ರದರ್ಸ್’ಗೆ ಸಂಗೀತ ಕೊಟ್ಟರು. ಇಡೀ ಆಟ, ಚಿತ್ರ ಸಂಗೀತ ಎಲ್ಲ ಸೇರಿ, 40 ಕಿಲೊಬೈಟ್‌ನಲ್ಲಿ ಅಡಗಬೇಕಿತ್ತು. ನೆಲದ ಮೇಲಿನ ಆಟಕ್ಕೆ ಲ್ಯಾಟಿನ್ ಲಯದ ಕುಣಿತ, ನೀರಿನೊಳಗೆ ತೇಲಿಸುವ ವಾಲ್ಟ್ಸ್, ಸುರಂಗಕ್ಕೆ ನಡುನಡುವೆ ಮೌನ ಬಿಟ್ಟ ಮಂದ್ರದ ತುಣುಕು. ಗಡಿಯಾರ ನೂರಕ್ಕಿಂತ ಕೆಳಗಿಳಿದ ಕೂಡಲೇ ಅದೇ ಧಾಟಿ ದುಡುಕಿ ಓಡುತ್ತದೆ. ಆಡುವ ಮಗುವಿನ ಎದೆಬಡಿತವೂ ಅದರ ಜೊತೆ ಏರುತ್ತದೆ. ‘ದಿ ಲೆಜೆಂಡ್ ಆಫ್ ಜೆಲ್ಡಾ’ (1986) ಆಟದ ಆರಂಭಕ್ಕೆ ಫ್ರಾನ್ಸಿನ ರಚನಕಾರ ರವೆಲ್‌ನ ‘ಬೊಲೆರೊ’ ಬಳಸುವ ಯೋಚನೆಯಿತ್ತು. ಅದರ ಹಕ್ಕುಸ್ವಾಮ್ಯದ ಅವಧಿ ಮುಗಿದಿಲ್ಲವೆಂದು ಕಡೇ ಗಳಿಗೆಯಲ್ಲಿ ತಿಳಿದಾಗ ಕೊಂಡೊ ಒಂದೇ ರಾತ್ರಿಯಲ್ಲಿ ಬೇರೆ ಧಾಟಿ ಬರೆದರು. ಇಂದಿಗೂ ಆ ಸರಣಿಯ ಗುರುತು ಆ ಧಾಟಿಯೇ.

ಯುರೋಪಿನ ಕಥೆ ಬೇರೆ. ಅಲ್ಲಿ ಮನೆಮಾತಾದದ್ದು ಕಮೊಡೋರ್ 64 ಕಂಪ್ಯೂಟರ್ (1982). ಅದಕ್ಕಾಗಿ ಬಾಬ್ ಯಾನೆಸ್ ವಿನ್ಯಾಸಗೊಳಿಸಿದ ಸಿಡ್ ಚಿಪ್‌ಗೆ ಮೂರೇ ಧ್ವನಿಗಳು. ಆದರೆ ಅದೊಂದು ನಿಜವಾದ ಸಿಂಥಸೈಜರ್, ಸ್ವರದ ಬಣ್ಣವನ್ನೇ ತಿದ್ದಬಲ್ಲದು. ಬ್ರಿಟನ್ನಿನ ರಾಬ್ ಹಬರ್ಡ್, ಮಾರ್ಟಿನ್ ಗಾಲ್ವೇ ಮೊದಲಾದವರು ಸ್ವರಮೇಳದ ಮೂರು ಸ್ವರಗಳನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಒಂದರ ಹಿಂದೊಂದು ನುಡಿಸಿ, ಒಟ್ಟಿಗೆ ನುಡಿದಂತೆ ಕಿವಿಯನ್ನು ನಂಬಿಸಿದರು. ಆ ಮಿನುಗುವ ನಾದವೇ ‘ಚಿಪ್‌ಟ್ಯೂನ್’ ಶೈಲಿಯ ಲಕ್ಷಣವಾಗಿ ಉಳಿಯಿತು.

ಆಟದ ಸಂಗೀತವನ್ನು ಸಭಾಂಗಣಕ್ಕೆ ಕರೆದೊಯ್ದವರು ಕೊಯಿಚಿ ಸುಗಿಯಾಮ. 1931ರಲ್ಲಿ ಹುಟ್ಟಿದ ಅವರು ಟಿ.ವಿ. ಮತ್ತು ಜನಪ್ರಿಯ ಗೀತೆಗಳ ಕ್ಷೇತ್ರದಲ್ಲಿ ಆಗಲೇ ಹೆಸರಾಂತರು. ಎನಿಕ್ಸ್ ಕಂಪನಿಯ ಒಂದು ಆಟದ ಜೊತೆಗಿದ್ದ ಅಭಿಪ್ರಾಯ ಪತ್ರವನ್ನು ತುಂಬಿ ಕಳಿಸಿದ್ದೇ ನೆಪವಾಗಿ ಆ ಕಂಪನಿಯ ನಂಟು ಬೆಳೆದು, ಅವರು ‘ಡ್ರ್ಯಾಗನ್ ಕ್ವೆಸ್ಟ್’ (1986) ಆಟಕ್ಕೆ ಸಂಗೀತ ರಚಿಸಿದರು. 1987ರಲ್ಲಿ ಟೋಕಿಯೊದಲ್ಲಿ ಅದರ ವಾದ್ಯವೃಂದದ ಕಛೇರಿ ನಡೆಯಿತು. ಅದೇ ವರ್ಷ ‘ಫೈನಲ್ ಫ್ಯಾಂಟಸಿ’ ಮೂಲಕ ನೊಬುವೊ ಉಯೆಮಾತ್ಸು ಬೆಳಕಿಗೆ ಬಂದರು. ತಾವಾಗಿಯೇ ಸಂಗೀತ ಕಲಿತ ಇವರು ಸರಣಿಯ ಆರನೆಯ ಆಟದಲ್ಲಿ (1994) ಒಂದು ಅಪೆರಾ ದೃಶ್ಯವನ್ನೇ ಕಟ್ಟಿದರು. ಯಂತ್ರಕ್ಕೆ ಹಾಡಲು ಬಾರದು. ಕಂಠವನ್ನು ಹೋಲುವ ಸದ್ದೊಂದು ರಾಗವೆಳೆಯುತ್ತದೆ, ಸಾಹಿತ್ಯ ಪರದೆಯ ಮೇಲೆ ಮೂಡುತ್ತದೆ. ಆದರೂ ಆ ದೃಶ್ಯ ಕಣ್ಣು ತೇವಗೊಳಿಸುತ್ತದೆ. ಈ ಕ್ಷೇತ್ರದ ಶಿಖರಗಳನ್ನು ಹೆಸರಿಸುವಾಗ ಇದನ್ನು ಬಿಡುವಂತಿಲ್ಲ. ಏಳನೆಯ ಆಟದ (1997) ಕೊನೆಯ ಕಾಳಗಕ್ಕೆ ಅವರು ಲ್ಯಾಟಿನ್ ಭಾಷೆಯ ಸಮೂಹಗಾನ ತಂದರು.

ಆರಂಭ ಕಾಲದ ಜಪಾನೀ ರಚನಕಾರರಲ್ಲಿ ಹೆಣ್ಣುಮಕ್ಕಳು ಗಣನೀಯ ಸಂಖ್ಯೆಯಲ್ಲಿದ್ದರೆಂಬುದನ್ನು ಒತ್ತಿ ಹೇಳಬೇಕು. ‘ಕ್ಯಾಸಲ್‌ವೇನಿಯಾ’ದ (1986) ಕಿನುಯೊ ಯಾಮಾಶಿತ, ‘ಮೆಗಾ ಮ್ಯಾನ್’ನ (1987) ಮನಾಮಿ ಮಾತ್ಸುಮಾಯೆ, ‘ಸ್ಟ್ರೀಟ್ ಫೈಟರ್ 2’ರ (1991) ಯೊಕೊ ಶಿಮೊಮುರಾ ಇಂದು ದಂತಕಥೆಗಳು. ಆದರೆ ನೌಕರರನ್ನು ಎದುರಾಳಿಗಳು ಸೆಳೆದಾರೆಂಬ ಭಯದಿಂದ ಕಂಪನಿಗಳು ಅಂದು ನಿಜನಾಮ ಮರೆಸಿ ಅಡ್ಡಹೆಸರು ಹಾಕುತ್ತಿದ್ದವು. ಯಾಮಾಶಿತ ಅವರ ಹೆಸರು ತೆರೆಯ ಮೇಲೆ ಬಂದದ್ದು ‘ಜೇಮ್ಸ್ ಬನಾನಾ’ ಎಂದು. ಜಗತ್ತಿನ ಮಕ್ಕಳ ನಾಲಗೆಯ ಮೇಲೆ ನಲಿದ ಧಾಟಿಗಳ ಕರ್ತೃಗಳು ವರ್ಷಗಟ್ಟಲೆ ಅಜ್ಞಾತರಾಗಿಯೇ ಉಳಿದದ್ದು ದೊಡ್ಡ ಅನ್ಯಾಯ.

ತಂತ್ರಜ್ಞಾನ ಈ ನಡುವೆ ಓಡುತ್ತಿತ್ತು. ಸೆಗಾ ಮೆಗಾಡ್ರೈವ್ (1988) ಯಂತ್ರದ ಯಮಾಹ ಚಿಪ್‌ನಲ್ಲಿ ಯೂಜೊ ಕೊಶಿರೊ ಕುಣಿತದ ಕ್ಲಬ್ಬುಗಳ ಸಂಗೀತ ಹೊಮ್ಮಿಸಿದರು. ಸೂಪರ್ ಫ್ಯಾಮಿಕಾಮ್‌ಗೆ (1990) ಸೋನಿಯ ಕೆನ್ ಕುತರಾಗಿ ರೂಪಿಸಿದ ಚಿಪ್ ನಿಜ ವಾದ್ಯಗಳ ಧ್ವನಿತುಣುಕುಗಳನ್ನು ಎಂಟು ಮಾರ್ಗಗಳಲ್ಲಿ ನುಡಿಸಬಲ್ಲದಾಗಿತ್ತು. ಅದಕ್ಕೆ ಸಿಕ್ಕ ಸ್ಮೃತಿ 64 ಕಿಲೊಬೈಟ್. ಸಿ.ಡಿ. ಬಂದ ಮೇಲೆ ಧ್ವನಿಮುದ್ರಿಸಿದ ಯಾವ ಸಂಗೀತವನ್ನಾದರೂ ತುಂಬಬಹುದಾಯಿತು. ನಾದ ಶ್ರೀಮಂತವಾಯಿತು ನಿಜ. ಆದರೆ ಮುದ್ರಿತ ಹಾಡು ಆಟದ ತಿರುವಿಗೆ ಬಾಗುವುದಿಲ್ಲ, ಹಾಗಾಗಿ ಒಂದು ಕಾಲ ಈ ಕಲೆಯ ಮೂಲ ಗುಣ ಹಿಂದೆ ಸರಿಯಿತು.

ಆ ಗುಣವನ್ನು ಜತನದಿಂದ ಬೆಳೆಸಿದವರೂ ಇದ್ದರು. ‘ಸೂಪರ್ ಮಾರಿಯೊ ವರ್ಲ್ಡ್’ನಲ್ಲಿ (1990) ಮಾರಿಯೊ ಯೋಶಿ ಎಂಬ ಡೈನೋಸಾರಿನ ಬೆನ್ನೇರಿದರೆ ನಡೆಯುತ್ತಿರುವ ಧಾಟಿಗೆ ಬಾಂಗೊ ತಾಳ ಸೇರುತ್ತದೆ, ಇಳಿದರೆ ಬಿಡುತ್ತದೆ. ಅಮೆರಿಕದ ಲ್ಯೂಕಾಸ್‌ಆರ್ಟ್ಸ್‌ನಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನಲ್ ಸೇರಿ ‘ಐಮ್ಯೂಸ್’ ಎಂಬ ವ್ಯವಸ್ಥೆ ಕಟ್ಟಿದರು. ‘ಮಂಕಿ ಐಲ್ಯಾಂಡ್ 2’ (1991) ಆಟದಲ್ಲಿ ನಾಯಕ ಒಂದು ಮನೆಯಿಂದ ಇನ್ನೊಂದಕ್ಕೆ ಹೊಕ್ಕಾಗ ಸಂಗೀತ ತಾಳ ತಪ್ಪದಂತೆ, ಸರಿಯಾದ ಜಾಗ ಕಾದು, ಬೇರೆ ವಾದ್ಯಕ್ಕೆ ಬೇರೆ ರಾಗಕ್ಕೆ ಹೊರಳುತ್ತದೆ. ಯಕ್ಷಗಾನದ ಭಾಗವತರು ವೇಷದವರ ಕುಣಿತ ನೋಡಿಕೊಂಡು ಪದ್ಯವನ್ನು ಎಳೆಯುವ, ಚುರುಕಾಗಿಸುವ ಕೆಲಸವನ್ನು ಇಲ್ಲಿ ತಂತ್ರಾಂಶ ಮಾಡುತ್ತದೆ. ‘ಆಕರಿನಾ ಆಫ್ ಟೈಮ್’ನ (1998) ಬಯಲಿಗೆ ಕೊಂಡೊ ಅದಲುಬದಲಾಗಿ ಜೋಡಿಸಬಹುದಾದ ಎಂಟೆಂಟು ಆವರ್ತದ ಖಂಡಗಳನ್ನು ಬರೆದರು. ಎಷ್ಟು ಸಲ ದಾಟಿದರೂ ಆ ಬಯಲು ಹಳತಾಗುವುದಿಲ್ಲ. ‘ರೆಡ್ ಡೆಡ್ ರಿಡೆಂಪ್ಷನ್’ (2010) ಆಟದ ಬಿಲ್ ಎಲ್ಮ್ ಮತ್ತು ವುಡಿ ಜಾಕ್ಸನ್ ಬಹುಪಾಲು ಸಂಗೀತವನ್ನು ಒಂದೇ ಶ್ರುತಿಯಲ್ಲಿ, ಒಂದೇ ವೇಗದಲ್ಲಿ ಮುದ್ರಿಸಿ, ಯಾವ ವಾದ್ಯವನ್ನು ಯಾವಾಗ ಸೇರಿಸಿದರೂ ಹೊಂದುವಂತೆ ಮಾಡಿದರು.

ಭಾರತಕ್ಕೆ ಈ ಸಂಗೀತ ಹರಡಿದ್ದು ಮುಖ್ಯವಾಗಿ 1990ರ ದಶಕದಲ್ಲಿ, ಫ್ಯಾಮಿಕಾಮ್‌ನ ಅಗ್ಗದ ನಕಲು ಯಂತ್ರಗಳ ಮೂಲಕ. ನೂರಾರು ಆಟಗಳಿವೆಯೆಂದು ಬರೆದ ಕ್ಯಾಸೆಟ್ಟುಗಳಲ್ಲಿ ಮಾರಿಯೊ, ‘ಕಾಂಟ್ರಾ’ಗಳ ಧಾಟಿ ಕೇಳಿ ಬೆಳೆದ ಒಂದು ತಲೆಮಾರು ಕರ್ನಾಟಕದಲ್ಲೂ ಇದೆ. ಕರ್ನಾಟಕವೇ ಆಟದೊಳಗೆ ಬಂದ ನಿದರ್ಶನ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ (2017). ಪಶ್ಚಿಮ ಘಟ್ಟದಲ್ಲಿ ಹೊಯ್ಸಳರ ಕಲ್ಪಿತ ಅವಶೇಷಗಳ ನಡುವೆ ನಡೆಯುವ, ಬೇಲೂರು ಹಳೇಬೀಡುಗಳ ಹೆಸರು ಹೊತ್ತ ಈ ಸಾಹಸಕ್ಕೆ ಸಂಗೀತ ಹೆನ್ರಿ ಜ್ಯಾಕ್‌ಮನ್ ಅವರದು. ಪುಣೆಯ ನೋಡಿಂಗ್ ಹೆಡ್ಸ್ ತಂಡದ ‘ರಾಜಿ’ (2020) ಆಟಕ್ಕೆ ಗ್ರೀಸ್‌ನ ಲಿನೋಸ್ ತ್ಸೆಲೋಸ್ ಸಂಗೀತವಿದೆ.

ಮನ್ನಣೆ ನಿಧಾನವಾಗಿ ಬಂತು. ‘ಸಿವಿಲೈಸೇಷನ್ 4’ (2005) ಆಟಕ್ಕೆ ಕ್ರಿಸ್ಟೋಫರ್ ಟಿನ್ ಸ್ವಾಹಿಲಿ ಭಾಷೆಯಲ್ಲಿ ಸಂಯೋಜಿಸಿದ ‘ಬಾಬಾ ಯೇತು’ 2011ರಲ್ಲಿ ಗ್ರ್ಯಾಮಿ ಪಡೆಯಿತು. ಆಸ್ಟಿನ್ ವಿಂಟರಿಯ ‘ಜರ್ನಿ’ (2012) ಗ್ರ್ಯಾಮಿಯ ಹಿನ್ನೆಲೆ ಸಂಗೀತದ ವಿಭಾಗದಲ್ಲಿ ಸಿನಿಮಾಗಳ ಸಾಲಿನಲ್ಲೇ ನಾಮನಿರ್ದೇಶನಗೊಂಡಿತು. 2023ರಲ್ಲಿ ಗ್ರ್ಯಾಮಿ ಆಟದ ಸಂಗೀತಕ್ಕೇ ಪ್ರತ್ಯೇಕ ಪ್ರಶಸ್ತಿ ಆರಂಭಿಸಿದಾಗ ಅದನ್ನು ಮೊದಲು ಗೆದ್ದವರು ಸ್ಟೆಫನಿ ಇಕಾನಮು. 2021ರ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕ್ರೀಡಾಪಟುಗಳು ನಡೆದುಬಂದದ್ದು ಆಟಗಳ ಸಂಗೀತಕ್ಕೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ 2023ರಲ್ಲಿ ಕೊಂಡೊ ಅವರ ಮಾರಿಯೊ ಧಾಟಿಯನ್ನೂ 2025ರಲ್ಲಿ ‘ಮೈನ್‌ಕ್ರಾಫ್ಟ್’ ಸಂಗೀತವನ್ನೂ ಸೇರಿಸಿತು.

ಹಳೆಯ ರಚನೆಗಳನ್ನು ಉಳಿಸುವ ಕೆಲಸ ಬಹುಮಟ್ಟಿಗೆ ಹವ್ಯಾಸಿಗಳದು. ‘ಹೈ ವೋಲ್ಟೇಜ್ ಸಿಡ್ ಕಲೆಕ್ಷನ್’ ಎಂಬ ಸಂಗ್ರಹದಲ್ಲಿ ಕಮೊಡೋರ್ 64ರ 50,000ಕ್ಕೂ ಹೆಚ್ಚು ಧಾಟಿಗಳಿವೆ. ಅದರಲ್ಲಿರುವುದು ಧ್ವನಿಮುದ್ರಣವಲ್ಲ, ಚಿಪ್‌ಗೆ ಕೊಡುವ ಸೂಚನೆಗಳು; ಅವನ್ನು ನಾದವಾಗಿಸಲು ಹಳೆಯ ಚಿಪ್ ಬೇಕು, ಇಲ್ಲವೇ ಅದನ್ನು ಅನುಕರಿಸುವ ತಂತ್ರಾಂಶ ಬೇಕು. ಮೊದಲ ತಲೆಮಾರಿನ ಸಿಡ್ ಚಿಪ್‌ಗಳ ಫಿಲ್ಟರ್ ಒಂದರಲ್ಲಿದ್ದಂತೆ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಹೀಗಾಗಿ ಒಂದೇ ಧಾಟಿ ಎರಡು ಮನೆಗಳಲ್ಲಿ ತುಸು ಬೇರೆಬೇರೆಯಾಗಿ ಕೇಳುತ್ತಿತ್ತು. ಅನುಕರಣ ತಂತ್ರಾಂಶ ಬರೆಯುವವರು ಈಗ ಯಾವ ಚಿಪ್‌ನ ಧ್ವನಿ ಬೇಕೆಂದು ಆರಿಸಿಕೊಳ್ಳುವ ಅವಕಾಶವನ್ನೂ ಕೇಳುಗರಿಗೆ ಕೊಡುತ್ತಾರೆ.