ಕಡಬದ ಕೊಡೆ, ಸುಳ್ಯದ ಚೀಲ: ಅರ್ಥವಿಲ್ಲದ ಪದ್ಯಕ್ಕೂ ಒಂದು ಚರಿತ್ರೆ

ಮಳೆಗಾಲದ ಸಂಜೆ ಕರೆಂಟ್ ಹೋದರೆ ನಮ್ಮ ಅಜ್ಜಿ ನನ್ನ ಅಂಗೈ ಹಿಡಿದು, ಒಂದೊಂದೇ ಬೆರಳು ಮಡಚುತ್ತಾ ಏನೋ ಹೇಳುತ್ತಿದ್ದರು. ಅರ್ಧ ತುಳು, ಅರ್ಧ ಕನ್ನಡ, ಉಳಿದದ್ದು ಯಾವ ಭಾಷೆಯೋ ದೇವರಿಗೇ ಗೊತ್ತು. ಕೊನೆಯ ಬೆರಳಿಗೆ ಬರುವಾಗ ಕಂಕುಳಿಗೆ ಕಚಗುಳಿ. ಒಮ್ಮೆ ಕೇಳಿದೆ, “ಇದಕ್ಕೆ ಅರ್ಥ ಎಂತ ಅಜ್ಜಿ?”

“ಅರ್ಥ ಎಂತಕ್ಕೆ? ನಿನಗೆ ನಗೆ ಬಂತಲ್ಲ?” ಅಂದರು.

ಶಾಲೆಗೆ ಹೋದ ಮೇಲೆ ಲೆಕ್ಕ ಬದಲಾಯಿತು. ಪ್ರತಿ ಪದ್ಯದ ಕೆಳಗೆ ಒಂದು ಪ್ರಶ್ನೆ: “ಈ ಪದ್ಯದಿಂದ ತಿಳಿಯುವ ನೀತಿ ಏನು?” ಒಂದು ತಮಾಷೆಯ ಪದ್ಯಕ್ಕೆ ನಾನು “ನೀತಿ ಇಲ್ಲ” ಎಂದು ಬರೆದೆ. ಸೊನ್ನೆ ಸಿಕ್ಕಿತು. ಅಜ್ಜಿ ಸರಿಯೋ ಪರೀಕ್ಷೆ ಸರಿಯೋ ಎಂದು ಆವತ್ತಿನಿಂದ ತಲೆಯಲ್ಲಿ ಹುಳ ಕೊರೆಯುತ್ತಲೇ ಇದೆ. ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಹಕ್ಕಿಯ ಚಿತ್ರ ಬಿಡಿಸುತ್ತಿದ್ದವನ ಪದ್ಯ

ಅರ್ಥವಿಲ್ಲದ ಪದ್ಯ ಎಂದಾಗ ಜಗತ್ತಿನಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಲಿಮರಿಕ್. ಐದು ಸಾಲಿನ ಪುಟ್ಟ ಇಂಗ್ಲಿಷ್ ಪದ್ಯ ಇದು. ಇದನ್ನು ಮನೆಮನೆಗೆ ಮುಟ್ಟಿಸಿದವನು ಎಡ್ವರ್ಡ್ ಲಿಯರ್ (1812–1888). ಅವನ ಹೊಟ್ಟೆಪಾಡು ಹಕ್ಕಿಗಳ ಚಿತ್ರ ಬಿಡಿಸುವುದು. ‘ಅರ್ಲ್ ಆಫ್ ಡರ್ಬಿ’ ಮನೆತನದ ಶ್ರೀಮಂತರೊಬ್ಬರ ಬಂಗಲೆಯಲ್ಲಿ ಸಾಕಿದ ಪ್ರಾಣಿ ಪಕ್ಷಿಗಳ ಚಿತ್ರ ಬರೆಯಲು ಹೋದವನು, ಆ ಮನೆಯ ಮಕ್ಕಳನ್ನು ನಗಿಸಲು ಇಂಥ ಪದ್ಯ ಕಟ್ಟಿದ. 1846ರಲ್ಲಿ ಅವು ಪುಸ್ತಕವಾದವು. ಅದರಲ್ಲಿ ತನ್ನ ಹೆಸರನ್ನೂ ಹಾಕಲಿಲ್ಲ, ‘ಡೆರ್ರಿ ಡೌನ್ ಡೆರ್ರಿ’ ಎಂಬ ತಮಾಷೆಯ ಹೆಸರು ಹಾಕಿಕೊಂಡ.

ಈ ಪದ್ಯದ ರೂಪ ಅವನು ಕಂಡುಹಿಡಿದದ್ದಲ್ಲ. 1820ರ ಹೊತ್ತಿಗೇ ಅಂಥ ಮಕ್ಕಳ ಪುಸ್ತಕಗಳು ಲಂಡನ್ನಿನಲ್ಲಿ ಬಂದಿದ್ದವು. ಲಿಮರಿಕ್ ಎಂಬುದು ಐರ್ಲೆಂಡಿನ ಒಂದು ಊರು. ಪದ್ಯಕ್ಕೆ ಆ ಹೆಸರು ಬಳಕೆಗೆ ಬಂದದ್ದು ಲಿಯರ್ ತೀರಿಕೊಂಡ ಮೇಲೆ.

ಹೊರಗೆ ಎಲ್ಲರನ್ನೂ ನಗಿಸುತ್ತಿದ್ದ ಈ ಮನುಷ್ಯನಿಗೆ ಒಳಗೆ ಅಪಸ್ಮಾರದ ಕಾಯಿಲೆ ಇತ್ತು. ಜನ ಏನು ಹೇಳಿಯಾರೋ ಎಂದು ಬದುಕಿಡೀ ಅದನ್ನು ಬಚ್ಚಿಟ್ಟ. ಈ ಮಾತು ನೆನಪಿರಲಿ, ಮತ್ತೆ ಬೇಕಾಗುತ್ತದೆ.

ತಾಳ ಹಾಕಿ ನೋಡಿ

ರೂಪ ಹೇಗಿದೆ ನೋಡೋಣ. ಒಂದು, ಎರಡು, ಐದನೆಯ ಸಾಲುಗಳಿಗೆ ಒಂದು ಪ್ರಾಸ. ನಡುವಿನ ಎರಡು ಚಿಕ್ಕ ಸಾಲುಗಳಿಗೆ ಇನ್ನೊಂದು. ಹೆಚ್ಚಾಗಿ ಮೊದಲ ಸಾಲಿನಲ್ಲೇ ಒಂದು ಊರು, ಒಬ್ಬ ವಿಚಿತ್ರ ಮನುಷ್ಯ. ಉದಾಹರಣೆಗೆ ನಾನೇ ಕಟ್ಟಿದ ಒಂದು:

ಕಡಬದ ಪೇಟೆಯೊಳೊಬ್ಬನು ಇದ್ದ,
ಮಂಚದ ಮೇಲೂ ಕೊಡೆ ಬಿಡಿಸಿದ್ದ;
“ಬಿಸಿಲಿದೆ!” ಎಂದರೆ
“ಮಳೆಯೇ ಬಂದರೆ?”
ಎನ್ನುತ ಕೊಡೆಯಡಿ ನಿದ್ದೆಗೆ ಬಿದ್ದ.

ತೊಡೆಗೆ ತಾಳ ಹಾಕಿ ಓದಿ. ಉದ್ದದ ಸಾಲಿನಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ. ಚಿಕ್ಕ ಸಾಲಿನಲ್ಲಿ ನಾಲ್ಕು ಮಾತ್ರೆಯ ಎರಡೇ ಗಣ. ಇಂಗ್ಲಿಷಿನವರು ಮಾತ್ರೆ ಎಣಿಸುವುದಿಲ್ಲ, ಒತ್ತು ಎಣಿಸುತ್ತಾರೆ. ಮೂರು, ಮೂರು, ಎರಡು, ಎರಡು, ಮೂರು. ಲೆಕ್ಕದ ಬಗೆ ಬೇರೆ, ಲೆಕ್ಕ ತಪ್ಪಬಾರದು ಎಂಬುದು ಒಂದೇ. “ಬಿದ್ದ” ಎಂಬಲ್ಲಿ “ಮಲಗಿದ” ಎಂದು ಹಾಕಿ ನೋಡಿ. ಅರ್ಥ ಹೆಚ್ಚುಕಡಿಮೆ ಅದೇ, ನಗೆ ಮಾತ್ರ ಸತ್ತುಹೋಯಿತು.

ಹುಚ್ಚು ಮಾತಿಗೆ ಕಟ್ಟುನಿಟ್ಟಿನ ತಾಳ ಬೇಕು. ತಾಳವೂ ಇಲ್ಲ, ಅರ್ಥವೂ ಇಲ್ಲ ಎಂದಾದರೆ ಅದು ಬರೀ ಗಲಾಟೆ.

ನಮ್ಮಲ್ಲಿ ಇರಲಿಲ್ಲವೇ?

ಇತ್ತು, ಬೇರೆ ವೇಷದಲ್ಲಿ. ಅಲ್ಲಮಪ್ರಭುವಿನ ಬೆಡಗಿನ ವಚನ, ಕನಕದಾಸರ ಮುಂಡಿಗೆ ಕೇಳಿದರೆ ಮೊದಲು ತಲೆಬುಡ ಅರ್ಥವಾಗುವುದಿಲ್ಲ. ಆದರೆ ಅವು ಬೀಗ ಹಾಕಿದ ಪೆಟ್ಟಿಗೆ, ಒಳಗೆ ಒಡವೆ ಇದೆ. ಲಿಮರಿಕ್ಕಿನ ಪೆಟ್ಟಿಗೆ ತೆರೆದರೆ ಒಳಗೆ ಇನ್ನೊಂದು ಮುಚ್ಚಳ, ಅಷ್ಟೇ.

ಹತ್ತಿರದ ನೆಂಟ ಯಕ್ಷಗಾನದ ಹಾಸ್ಯಗಾರ. ಅರಸ ಕೇಳಿದ್ದು ಒಂದು, ಇವನು ಹೇಳುವುದು ಇನ್ನೊಂದು. ವಿಟ್ಲ ಗೋಪಾಲಕೃಷ್ಣ ಜೋಶಿ, ಮಿಜಾರು ಅಣ್ಣಪ್ಪ ಅವರ ಹೆಸರು ಹೇಳಿದರೆ ನಮ್ಮ ಕಡೆಯ ಹಿರಿಯರು ಈಗಲೂ ನಗುತ್ತಾರೆ.

ಪುಸ್ತಕಕ್ಕೆ ಈ ನಗೆಯನ್ನು ತಂದವರಲ್ಲಿ ದೊಡ್ಡ ಹೆಸರು ಪಂಜೆ ಮಂಗೇಶರಾಯರದು. ಹೆಸರಿನ ಮುಂದಿನ ‘ಪಂಜೆ’ ನಮ್ಮ ಸುಳ್ಯ ಕಡೆಯ ಪಂಜದ ನೆನಪು. ಅವರು ಹುಟ್ಟಿದ್ದು ಬಂಟ್ವಾಳದಲ್ಲಿ, 1874ರ ಫೆಬ್ರವರಿ 22ರಂದು. ಆ ಹೊತ್ತಿಗೆ ಲಿಯರ್ ಎಲ್ಲಿದ್ದ ಗೊತ್ತೇ? ಭಾರತದಲ್ಲೇ! 1873ರ ನವೆಂಬರಿನಲ್ಲಿ ಮುಂಬಯಿಯಲ್ಲಿ ಇಳಿದವನು 1875ರ ಜನವರಿಯವರೆಗೆ ಊರೂರು ತಿರುಗಿ ಚಿತ್ರ ಬರೆಯುತ್ತಿದ್ದ. ಕಿವಿಗೆ ಬಿದ್ದ ಹಿಂದೂಸ್ತಾನಿ ಮಾತುಗಳ ಅರ್ಥ ಬೇಕೆಂದೇ ತಪ್ಪಿಸಿ ಒಂದು ತಮಾಷೆಯ ಪದ್ಯವನ್ನೂ ಕಟ್ಟಿದ. ಒಬ್ಬರಿಗೊಬ್ಬರು ಸಂಬಂಧವಿಲ್ಲ, ಆದರೆ ಹಾದಿ ಒಂದೇ.

ಪಂಜೆಯವರು ಮೇಷ್ಟ್ರಾಗಿದ್ದರು, ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದರು. ನೀತಿಪಾಠ ಬರೆಯುತ್ತಾ ಕೂರಬಹುದಿತ್ತು. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಮಕ್ಕಳ ಬಾಯಲ್ಲಿ ಕುಣಿಯುವ ಪದ್ಯ ಬರೆದರು, ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ‘ಹೇನು ಸತ್ತು ಕಾಗೆ ಬಡವಾಯಿತು’, ‘ಸಿಗಡಿ ಯಾಕೆ ಒಣಗಲಿಲ್ಲ?’ ಇವು ಅವರ ಕತೆಗಳ ಹೆಸರು. ಹೇನಿಗೂ ಕಾಗೆಗೂ ಎತ್ತಣ ಸಂಬಂಧ? ಅಜ್ಜಿಯರು ಹೇಳುವ ಸರಪಳಿ ಕತೆಯ ದಾಟಿ ಇದು. ಒಂದು ಕೊಂಡಿ ಇನ್ನೊಂದನ್ನು ಹಿಡಿಯುತ್ತದೆ, ಕಾರಣ ಕೇಳಬಾರದು. ಇಷ್ಟು ಹಗುರ ಬರೆದವರನ್ನು ಕನ್ನಡಿಗರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು.

ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಆಟದ ಮೂಲಕವೇ ಪಾಠ ಎಂದು ಪ್ರಯೋಗ ಮಾಡಿದ್ದೂ ಇದೇ ಮಣ್ಣಿನಲ್ಲಿ.

ಪ್ರಾಸ ಜಾಗ ಬದಲಿಸಿತು

ಲಿಮರಿಕ್ಕಿಗೆ ಸಾಲಿನ ಕೊನೆಯ ಪ್ರಾಸವೇ ಜೀವ. ಹಳೆಯ ಕನ್ನಡ ಕಾವ್ಯದಲ್ಲಿ ಪ್ರಾಸ ಇದ್ದದ್ದು ಸಾಲಿನ ಎರಡನೆಯ ಅಕ್ಷರದಲ್ಲಿ. ಆ ಕಟ್ಟನ್ನು 1911ರ ಹೊತ್ತಿಗೆ ಬಿಟ್ಟವರು ಮಂಜೇಶ್ವರದ ಗೋವಿಂದ ಪೈಗಳು. 1926ರಲ್ಲಿ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಬಂದಾಗ ಹೊಸ ಬಗೆಯ ಸಾಲು, ಹೊಸ ಪ್ರಾಸ ಎಲ್ಲರಿಗೂ ರುಚಿಸಿತು.

ಆದರೂ ಕನ್ನಡದಲ್ಲಿ ಊರೂರು ತಿರುಗಿದ್ದು ಲಿಮರಿಕ್ ಅಲ್ಲ, ನಾಲ್ಕು ಸಾಲಿನ ಚುಟುಕ. ಅದನ್ನು ಬೆಳೆಸಿದವರು ಅಂಕೋಲಾದ ದಿನಕರ ದೇಸಾಯಿ (1909–1982). ರೈತ ಕೂಲಿಕಾರರ ಹೋರಾಟಗಾರರು, 1967ರಲ್ಲಿ ಲೋಕಸಭೆಗೆ ಗೆದ್ದವರು. ಅವರ ಚೌಪದಿಯ ಕೊನೆಯ ಸಾಲು ಚೇಳಿನ ಕೊಂಡಿ, ಯಾರಿಗೆ ಚುಚ್ಚಬೇಕೆಂದು ಅದಕ್ಕೆ ಗೊತ್ತು. ಲಿಮರಿಕ್ ಯಾರಿಗೂ ಚುಚ್ಚುವುದಿಲ್ಲ. ಲಿಯರನ ಕೊನೆಯ ಸಾಲಂತೂ ಹೆಚ್ಚಾಗಿ ಮೊದಲ ಸಾಲಿಗೇ ಮರಳಿ ಬಂದು ಕೂರುತ್ತದೆ. ಅನ್ಯಾಯದ ಕಾಲಕ್ಕೆ ಚುಟುಕವೇ ಬೇಕಿತ್ತು, ಸರಿ. ಆದರೆ ಎಲ್ಲ ನಗೆಗೂ ಕೊಂಡಿ ಇರಬೇಕೇ?

ಆ ನಾಲ್ಕು ಜನ

ಲಿಯರನ ಪದ್ಯಗಳಲ್ಲಿ ಒಬ್ಬ ವಿಚಿತ್ರ ಮನುಷ್ಯನ ಎದುರಿಗೆ ಆಗಾಗ ‘ಅವರು’ ಬರುತ್ತಾರೆ. ಅವರಿಗೆ ಹೆಸರಿಲ್ಲ. ನೋಡುತ್ತಾರೆ, ಕೇಳುತ್ತಾರೆ, ಬೈಯುತ್ತಾರೆ, ಕೆಲವೊಮ್ಮೆ ಹೊಡೆದೂ ಬಿಡುತ್ತಾರೆ. ಇವರನ್ನು ನಾವು ಕಾಣದವರೇ? “ನಾಲ್ಕು ಜನ ಏನು ಹೇಳಿಯಾರು” ಎನ್ನುತ್ತೇವಲ್ಲ, ಅದೇ ನಾಲ್ಕು ಜನ. ಲಿಯರ್ ತನ್ನ ಕಾಯಿಲೆ ಬಚ್ಚಿಟ್ಟದ್ದೂ ಅವರಿಗೆ ಹೆದರಿ. ಪದ್ಯದಲ್ಲಿ ಮಾತ್ರ ವಿಚಿತ್ರ ಮನುಷ್ಯನಿಗೆ ಜಾಗ ಕೊಟ್ಟ.

ಸುಳ್ಯದ ಸಂತೆಗೆ ಬಂದಳು ಅಕ್ಕ,
ಚೀಲದಿ ತುಂಬಿದ ಗಾಳಿಯೆ ರೊಕ್ಕ;
ನಾಲ್ವರು ನಕ್ಕರು,
ಮೂವರು ಹೊಕ್ಕರು
ಗಾಳಿಯ ಹಿಂದೆಯೆ ಚೀಲಕೆ ಪಕ್ಕ!

ಈ ಅಕ್ಕನಿಗೆ ಜಾತಿ ಇಲ್ಲ, ಪಕ್ಷ ಇಲ್ಲ. ಸುಳ್ಯದವರೂ ಸಿಟ್ಟಾಗಬೇಕಿಲ್ಲ. ವಾಟ್ಸಾಪ್‌ನಲ್ಲಿ ನಮಗೆ ದಿನಾ ಬರುವ ಜೋಕುಗಳನ್ನು ನೋಡಿ. ಹೆಂಡತಿ, ಕುಡುಕ, ಕಪ್ಪು ಬಣ್ಣ, ಇನ್ನೊಂದು ಧರ್ಮ. ಯಾರಿಗಾದರೂ ನೋವಾದರೆ ಮಾತ್ರ ನಗೆ ಎಂದು ನಾವು ಯಾವಾಗ ಕಲಿತೆವು? ಅಜ್ಜಿಯ ಬೆರಳಾಟದಲ್ಲಿ ಸೋತವರೇ ಇರಲಿಲ್ಲ.

ನೀತಿ ಕೇಳಿದ ಪರೀಕ್ಷೆಗೆ ಈಗ ಉತ್ತರ ಬರೆಯುವುದಾದರೆ ಇದನ್ನೇ ಬರೆಯುತ್ತೇನೆ.

ನಿಮ್ಮ ಮನೆಯಲ್ಲಿ ಇಂಥ ಪದ್ಯ ಗೊತ್ತಿರುವ ಹಿರಿಯರಿದ್ದರೆ ಇವತ್ತು ಸಂಜೆ ಫೋನಿನಲ್ಲಿ ರೆಕಾರ್ಡ್ ಮಾಡಿ. ತುಳುವೋ, ಅರೆಭಾಷೆಯೋ, ಹವ್ಯಕವೋ, ಹೇಳಿದ ಹಾಗೆಯೇ ಇರಲಿ, ತಿದ್ದಬೇಡಿ. ಊರು ಯಾವುದು, ಯಾರಿಂದ ಕಲಿತದ್ದು ಎಂದು ಕೇಳಿಟ್ಟುಕೊಳ್ಳಿ. ಅರ್ಥ ಮಾತ್ರ ಕೇಳಬೇಡಿ.

ನನ್ನ ಅಜ್ಜಿ ಹೋಗಿ ಆರು ವರ್ಷವಾಯಿತು. ಅವರ ಪದ್ಯ ನನಗೆ ಮೂರನೆಯ ಬೆರಳಿನವರೆಗೆ ಮಾತ್ರ ನೆನಪಿದೆ. ಅಕ್ಕನ ಮಗಳು ಅಂಗೈ ಚಾಚಿ, ಉಳಿದ ಎರಡು ಬೆರಳು ಹಾಗೆಯೇ ನೆಟ್ಟಗೆ ಇಟ್ಟುಕೊಂಡು ಕಾಯುತ್ತಾಳೆ.