ಕೊನೆಯ ರೊಟ್ಟಿ

ಒಬ್ಬಳಿಗೆಂದು ಹಿಟ್ಟು ಕಲಸುವುದು ನನಗೆ ಇನ್ನೂ ಕೈಗೆ ಹತ್ತಿಲ್ಲ. ಇಪ್ಪತ್ತೆರಡು ವರ್ಷ ಇಬ್ಬರ ಅಳತೆಗೆ ಒಗ್ಗಿದ ಕೈ, ಪರಾತಕ್ಕೆ ಹಿಟ್ಟು ಸುರಿಯುವಾಗ ತಾನಾಗಿಯೇ ಒಂದು ಹಿಡಿ ಹೆಚ್ಚು ಹಾಕಿಬಿಡುತ್ತದೆ. 2025ರ ಆಗಸ್ಟಿನಲ್ಲಿ ವಿಚ್ಛೇದನಕ್ಕೆಂದು ಕೋರ್ಟಿನ ಕಾಗದಕ್ಕೆ ನಾನೂ ಗಂಡನೂ ಸಹಿ ಹಾಕಿದೆವು. ಪಾತ್ರೆ, ಪುಸ್ತಕ, ಬ್ಯಾಂಕಿನ ಲೆಕ್ಕ ಎಲ್ಲ ಹಂಚಿಯಾದ ಮೇಲೆ ಅವರು, "ಕಾಳಿ ನಿನ್ನ ಹತ್ತಿರವೇ ಇರಲಿ" ಎಂದರು. ಕಾಳಿ ಎಂದರೆ ಅದಕ್ಕೂ ನಾಲ್ಕು ವರ್ಷದ ಹಿಂದೆ ದೆಹಲಿಯ ಮಯೂರ ವಿಹಾರದ ತರಕಾರಿ ಸಂತೆಯ ಹಿಂದೆ ಮಳೆಯಲ್ಲಿ ನೆನೆಯುತ್ತ ಕೂತಿದ್ದ ಮರಿ. ಮೈಯೆಲ್ಲ ಕಪ್ಪು, ಎದೆಯ ಮೇಲೆ ಮಾತ್ರ ಸುಣ್ಣ ಚಿಮುಕಿಸಿದಂತೆ ಬಿಳಿ.

ಮಹಾಲಯದ ಪಕ್ಷ ಬಂತು. ಸಂಜೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ ಪಕ್ಕದ ಮನೆಯ ಪಂಜಾಬಿ ಮಾತಾಜಿ, ನಾನು ಉಳಿದ ಹಿಟ್ಟನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುವುದನ್ನು ಕಂಡು ತಡೆದರು. "ಇಡಬೇಡ ಬೇಟಾ. ಪೆಹಲಿ ರೋಟಿ ಗಾಯ್ ಕೀ, ಆಖ್ರೀ ಕುತ್ತೇ ಕೀ." ಮೊದಲ ರೊಟ್ಟಿ ಹಸುವಿಗೆ, ಕೊನೆಯದು ನಾಯಿಗೆ. ದೆಹಲಿ, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದ ಮನೆಮನೆಯಲ್ಲಿ ಈ ಮಾತು ಕೇಳುತ್ತದೆ. ಅವರೇ ಮಾಡಿ ತೋರಿಸಿದರು. ಪರಾತಕ್ಕೆ ಅಂಟಿದ ಚೂರುಗಳನ್ನು ಬೆರಳಿನಿಂದ ಉಜ್ಜಿ ತೆಗೆದರು, ಲಟ್ಟಿಸುವ ಮಣೆಯ ಮೇಲೆ ಉದುರಿದ ಒಣಹಿಟ್ಟನ್ನು ಅಂಗೈಯಿಂದ ಬಳಿದು ಅದರಲ್ಲಿ ಸೇರಿಸಿದರು, ನಾಲ್ಕು ಹನಿ ನೀರು ಚಿಮುಕಿಸಿ ಉಂಡೆ ಕಟ್ಟಿದರು. ಆ ರೊಟ್ಟಿ ದುಂಡಗಾಗುವುದಿಲ್ಲ. ದಪ್ಪ, ಅಂಚು ಬಿರುಕು, ತುಪ್ಪ ಇಲ್ಲ. ಹಂಚಿನ ಮೇಲೆ ಅದಕ್ಕೆ ಎರಡರಷ್ಟು ಹೊತ್ತು ಬೇಕು. ಬೆಂದಮೇಲೆ ಪರಾತದಲ್ಲಿ ಒಂದು ಕಾಳಿನಷ್ಟೂ ಹಿಟ್ಟು ಉಳಿಯುವುದಿಲ್ಲ.

ಅವತ್ತಿನಿಂದ ನನ್ನ ಹೆಚ್ಚಿನ ಹಿಡಿಗೆ ಒಂದು ಲೆಕ್ಕ ಸಿಕ್ಕಿತು. ಆ ಲೆಕ್ಕ ಎಷ್ಟು ಹಳೆಯದು ಎಂದು ಹುಡುಕುತ್ತಾ ಹೋದದ್ದೇ ನನ್ನ ಆ ಶರತ್ಕಾಲದ ಕೆಲಸವಾಯಿತು.

ಪಿತೃಪಕ್ಷದ ಊಟದಲ್ಲಿ ಉತ್ತರದವರು ಪಂಚಬಲಿ ತೆಗೆದಿಡುತ್ತಾರೆ: ಹಸು, ನಾಯಿ, ಕಾಗೆ, ದೇವತೆ, ಇರುವೆ. ನಮ್ಮ ಕಡೆ ಕಾಗೆಯ ಎಡೆಯೊಂದೇ ಎಲ್ಲರ ಬಾಯಲ್ಲಿ ಉಳಿದಿದೆ. ಆದರೆ ನಾಯಿಯ ಪಾಲು ಧರ್ಮಶಾಸ್ತ್ರದಷ್ಟು ಹಳೆಯದು. ಗೃಹಸ್ಥ ಉಣ್ಣುವ ಮೊದಲು ನಾಯಿಗಳಿಗೆ ನೆಲದ ಮೇಲೆ ಅನ್ನವಿಡಬೇಕೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ಹೇಳುತ್ತದೆ. ಅದೇ ಸಾಲಿನಲ್ಲಿ ನಾಯಿಯ ಜೊತೆಗೆ ಕೆಲವು ಮನುಷ್ಯರನ್ನೂ ಎಣಿಸಿದ್ದನ್ನು ಓದುವಾಗ ನನಗೆ ಸಂಕಟವಾಯಿತು. ಪದ್ಧತಿಯನ್ನು ಹೊಗಳುವವರು ಆ ಸಾಲನ್ನೂ ಪೂರ್ತಿ ಓದಬೇಕು.

ಹುಡುಕುತ್ತಿದ್ದದ್ದು ನನಗೆ ಸಿಕ್ಕಿದ್ದು ಶಾಸ್ತ್ರದಲ್ಲಿ ಅಲ್ಲ, ಕನ್ನಡದ ಕಲ್ಲಿನಲ್ಲಿ. ಮದ್ದೂರು ತಾಲೂಕಿನ ಆತಕೂರಿನ ವೀರಗಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕ 872, ಅಂದರೆ ಕ್ರಿ.ಶ. 949–50. ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಡೆ ಚೋಳರನ್ನು ಸೋಲಿಸಿ ರಾಜಾದಿತ್ಯ ಸತ್ತಾಗ, ಗಂಗ ಬೂತುಗನ ಕಡೆಯ ಮಣಲೆರನೆಂಬ ವೀರ ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ, ಬೇಕಾದ್ದು ಬೇಡು ಎಂದ. ಮಣಲೆರ ಊರನ್ನು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ನಾಯಿಯೂ ಜೊತೆಗೇ ಸತ್ತವು. ಕಲ್ಲಿನ ಮೇಲೆ ಎರಡೂ ಒಂದಕ್ಕೊಂದು ಎದುರಾಗಿ ನಿಂತಿರುವ ಶಿಲ್ಪವಿದೆ. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಶಾಸನಕಾರ ಕೊನೆಗೆ ಒಂದು ಕಟ್ಟಳೆ ಬರೆದ: ಈ ಸ್ಥಾನ ನೋಡಿಕೊಳ್ಳುವ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ.

ಉಣ್ಣುವ ಮೊದಲು ನಾಯಿಯನ್ನು ನೆನೆ ಎನ್ನುವ ಈ ಕಟ್ಟಳೆಯನ್ನು ವಿದ್ಯಾರ್ಥಿನಿಯಾಗಿದ್ದಾಗ ಬರೀ ಪರೀಕ್ಷೆಗೆಂದು ಓದಿದ್ದೆ. ಮರಿಗೆ ಕಾಳಿ ಎಂದು ಹೆಸರಿಟ್ಟದ್ದು ಆ ಕಲ್ಲಿನ ನೆನಪಿಗೇ.

ಶಾಸನದ ಗೊರವ ಶೈವ ಪೂಜಾರಿ. ನನ್ನ ಬಾಲ್ಯದ ರಾಣೇಬೆನ್ನೂರಿನಲ್ಲಿ ಗೊರವಯ್ಯ ಎಂದರೆ ಕರಿ ಕಂಬಳಿ, ಡಮರುಗ, ಭಂಡಾರದ ಚೀಲ. ಮೈಲಾರಲಿಂಗ ನಮ್ಮ ಮನೆದೇವರು. ಗೊರವರು ತಾವು ಮೈಲಾರನ ನಾಯಿಗಳೆಂದೇ ತಿಳಿದವರು. ದೇವರಗುಡ್ಡಕ್ಕೆ ಅಜ್ಜಿಯ ಜೊತೆ ಹೋದಾಗ ದೋಣಿ ಸೇವೆ ನೋಡಿದ್ದು ಇವತ್ತಿಗೂ ಕಣ್ಣಲ್ಲಿದೆ. ದೋಣಿಯ ಪಾತ್ರೆಗೆ ಹಾಲು, ತುಪ್ಪ, ಬಾಳೆಹಣ್ಣು ಸುರಿದರು. ಬೆಳಿಗ್ಗೆ ನಮ್ಮ ಮನೆಯಂಗಳದಲ್ಲಿ ಗಂಭೀರವಾಗಿ ಭಿಕ್ಷೆ ಪಡೆದಿದ್ದ ಅದೇ ಗೊರವಯ್ಯ ಮೊಣಕಾಲೂರಿ, ಬೊಗಳುತ್ತ, ಉಳಿದವರನ್ನು ಗುರ್ರೆನ್ನುತ್ತ ತಳ್ಳಿ, ದೋಣಿಗೆ ಬಾಯಿ ಹಾಕಿದರು. ನಾನು ನಗತೊಡಗಿದಾಗ ಅಜ್ಜಿ ತೊಡೆ ಚಿವುಟಿದಳು. "ನಗಬ್ಯಾಡ. ದೇವರ ನಾಯಿ ಉಣ್ಣಾಕತ್ತೈತಿ."

ಆ ಮೈಲಾರನನ್ನು ಭೈರವನ ರೂಪವೆನ್ನುತ್ತಾರೆ. ಭೈರವನ ವಾಹನ ನಾಯಿ. ದೆಹಲಿಯಲ್ಲಿ ಅವನ ಹಳೆಯ ಠಾವು ನನ್ನ ಮನೆಯಿಂದ ದೂರವಿಲ್ಲ. ಯಮುನೆ ದಾಟಿದರೆ ಪುರಾನಾ ಕಿಲಾ, ಅದರ ಗೋಡೆಗೆ ಹೊಂದಿಕೊಂಡೇ ಕಿಲ್ಕಾರಿ ಭೈರವನ ಗುಡಿ. ಮುಂದಿನ ರಸ್ತೆಗೆ ಭೈರೋನ್ ಮಾರ್ಗ ಎಂದೇ ಹೆಸರು. ಒಂದು ಕಡೆ ಭೈರವನಿಗೆ ಮದ್ಯದ ನೈವೇದ್ಯ, ಪಕ್ಕದ ದೂಧಿಯಾ ಭೈರವನಿಗೆ ಹಾಲಿನದು. ಪಾಂಡವರು ಸ್ಥಾಪಿಸಿದ್ದೆಂದು ಭಕ್ತರ ನಂಬಿಕೆ. ಕೋಟೆಯೊಳಗೆ 1954–55ರಲ್ಲಿ, ಮತ್ತೆ 1969ರಿಂದ 1973ರವರೆಗೆ ಪುರಾತತ್ತ್ವಜ್ಞ ಬಿ.ಬಿ. ಲಾಲ್ ಅಗೆಸಿದಾಗ ಚಿತ್ರಿತ ಬೂದು ಮಡಕೆಯ ಚೂರುಗಳು ಸಿಕ್ಕವು. ಅಷ್ಟರಿಂದ ಅದು ಪಾಂಡವರ ಇಂದ್ರಪ್ರಸ್ಥವೆಂದು ಸಿದ್ಧವಾಗುವುದಿಲ್ಲ. ಆದರೆ ಮೌರ್ಯರ ಕಾಲದಿಂದ ಮೊಗಲರವರೆಗೆ ಅಲ್ಲಿ ಜನ ಪದರು ಪದರಾಗಿ ಬದುಕಿದ್ದಂತೂ ನಿಜ.

ಇಂದ್ರಪ್ರಸ್ಥದ ಕಥೆ ನಾಯಿಯಿಂದಲೇ ಶುರುವಾಗಿ ನಾಯಿಯಲ್ಲೇ ಮುಗಿಯುತ್ತದೆ ಎಂದು ಗೊತ್ತಾದದ್ದು ನನಗೆ ತೀರ ತಡವಾಗಿ. ವ್ಯಾಸಭಾರತದ ಆದಿಪರ್ವದಲ್ಲಿ ಜನಮೇಜಯನ ಸತ್ರದ ಬಳಿ ಸುಳಿದ ಸರಮೆಯ ಮರಿಯನ್ನು ಅವನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಹವಿಸ್ಸನ್ನು ಮುಟ್ಟಿಲ್ಲ, ನೋಡಿಯೂ ಇಲ್ಲ ಎಂದು ಮರಿ ಅಳುತ್ತದೆ. ತಾಯಿ ಬಂದು ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. ಕಾಣದ ಭಯವೊಂದು ನಿನ್ನ ಮೇಲೆ ಬರಲಿ ಎಂದು ಅವಳು ಶಪಿಸುತ್ತಾಳೆ. ಕೊನೆಯಲ್ಲಿ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಹತ್ತಲಾರೆ ಎನ್ನುತ್ತಾನೆ. ನಮ್ಮ ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ. ಹಾಗಾಗಿ ಅಜ್ಜಿ ಕೇಳಿಸಿದ ಗಮಕದಲ್ಲಿ ಈ ನಾಯಿ ಬರಲೇ ಇಲ್ಲ.

ದೊರೆಗಳೂ ಕೈತುತ್ತು ಕೊಟ್ಟವರೇ. ಅಕ್ಬರನಿಗೆ ನಾಯಿಗಳೆಂದರೆ ಬಲು ಇಷ್ಟ, ಕಾಬೂಲಿನ ಹಜಾರಾ ಸೀಮೆಯಿಂದ ಒಳ್ಳೆಯ ನಾಯಿಗಳು ಬರುತ್ತಿದ್ದವು ಎಂದು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಬರೆದಿದ್ದಾನೆ. ಜಹಾಂಗೀರನಿಗೆ ಇಂಗ್ಲೆಂಡಿನಿಂದ ಎರಡು ಮ್ಯಾಸ್ಟಿಫ್ ನಾಯಿಗಳು ಉಡುಗೊರೆಯಾಗಿ ಬಂದವು. ರಾಯಭಾರಿ ಥಾಮಸ್ ರೋ ಜೊತೆಗಿದ್ದ ಪಾದ್ರಿ ಎಡ್ವರ್ಡ್ ಟೆರ್ರಿ ಬರೆದಂತೆ, ಅವುಗಳಿಗೆ ಪಲ್ಲಕ್ಕಿ, ಆಳುಕಾಳು, ನೊಣ ಬೀಸಲು ಜನ. ಬಾದಶಹ ತಾನೇ ಉಣಿಸಲೆಂದು ಬೆಳ್ಳಿಯ ಇಕ್ಕಳ ಮಾಡಿಸಿದ್ದ. ಆ ಇಕ್ಕಳಕ್ಕಿಂತ ಮಾತಾಜಿಯ ಬಿರುಕು ರೊಟ್ಟಿ ನನಗೆ ದೊಡ್ಡದಾಗಿ ಕಾಣುತ್ತದೆ.

ಒಂಟಿ ಹೆಂಗಸು ನಾಯಿ ಸಾಕಿಕೊಂಡರೆ ದೆಹಲಿಯವರಿಗೆ ಬೇಗಂ ವಿಲಾಯತ್ ಮಹಲ್ ನೆನಪಾಗುತ್ತಾಳೆ. ನನಗೂ ಒಬ್ಬರು ಹೇಳಿದರು. ಅವಧದ ರಾಜಮನೆತನದವಳೆಂದು ಹೇಳಿಕೊಂಡು, ಮಗ, ಮಗಳು, ನಾಯಿಗಳೊಂದಿಗೆ ನವದೆಹಲಿ ರೈಲು ನಿಲ್ದಾಣದ ವೇಟಿಂಗ್ ರೂಮಿನಲ್ಲಿ ವರ್ಷಗಟ್ಟಲೆ ಕೂತಿದ್ದವಳು. 1985ರಲ್ಲಿ ಸರ್ಕಾರ ಅವಳಿಗೆ ರಿಡ್ಜ್ ಕಾಡಿನ ಮಾಲ್ಚಾ ಮಹಲ್ ಕೊಟ್ಟಿತು, ಫಿರೋಜ್ ಶಾ ತುಘಲಕನ ಕಾಲದ ಬೇಟೆಮನೆ. ಅಲ್ಲಿ ಕರೆಂಟಿಲ್ಲ, ನೀರಿಲ್ಲ, ಬಾಗಿಲಿಲ್ಲ. ಕಾವಲಿಗೆ ನಾಯಿಗಳೇ. 1993ರಲ್ಲಿ ಅವಳು ತೀರಿಕೊಂಡಳು, 2017ರಲ್ಲಿ ಮಗ. ರಾಜವಂಶದ ಮಾತು ನಿಜವಲ್ಲ ಎಂದು 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. ಆ ಕಥೆ ಓದಿ ನಾನು ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ಅವಳ ನಾಯಿಗಳು ಜನರನ್ನು ಹೊರಗಿಡಲು ಇದ್ದವು. ಕಾಳಿಯಿಂದಾಗಿ ನನಗೆ ಜನ ಸಿಕ್ಕರು. ಇಪ್ಪತ್ತೆರಡು ವರ್ಷದಲ್ಲಿ ಹೆಸರು ತಿಳಿಯದ ಇಸ್ತ್ರಿಯವನು, ಹಾಲಿನವನು, ಮೂರನೆಯ ಮಹಡಿಯ ನಿವೃತ್ತ ಮೇಷ್ಟ್ರು, ಎಲ್ಲರೂ ಈಗ ಬೆಳಿಗ್ಗೆ ಆರಕ್ಕೆ ಮಾತಾಡಿಸುತ್ತಾರೆ. ಗಂಡ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಕಾಳಿ ಉಂಡಳೇ ಎಂದು ಕೇಳುತ್ತಾರೆ.

ಅಕ್ಟೋಬರಿನಲ್ಲಿ ಸಪ್ತಪರ್ಣಿ, ನಮ್ಮ ಕಡೆಯ ಹಾಲೆಮರ, ಹೂ ಬಿಟ್ಟು ಗಲ್ಲಿಯೆಲ್ಲ ತಲೆ ಸುತ್ತುವ ಘಮ. ನರಕ ಚತುರ್ದಶಿಯ ದಿನ ನಮ್ಮ ಗೇಟಿನ ನೇಪಾಳಿ ಚೌಕೀದಾರ ಚೆಂಡುಹೂವಿನ ಮಾಲೆ ಕಟ್ಟಿಕೊಂಡು ಬಂದ. ಅವನ ಊರಲ್ಲಿ ಅದು ಕುಕುರ್ ತಿಹಾರ್, ನಾಯಿಗಳ ಹಬ್ಬ. ನಾಯಿ ಯಮನ ದೂತ ಎಂದು ಅವನು ಹೇಳಿದ. ಕಾಳಿಯ ಹಣೆಗೆ ಕುಂಕುಮ, ಅಕ್ಕಿ, ಮೊಸರು ಕಲಸಿದ ಟೀಕಾ ಇಟ್ಟು, ಕೊರಳಿಗೆ ಮಾಲೆ ಹಾಕಿದ. ಅವಳು ಕದಲದೆ ಕೂತು ಇಡಿಸಿಕೊಂಡಳು. ಆ ರಾತ್ರಿ ಪಟಾಕಿಯ ಸದ್ದಿಗೆ ಅದೇ ಮಾಲೆಯೊಂದಿಗೆ ಬಚ್ಚಲಮನೆಯ ಬಕೆಟ್ಟಿನ ಹಿಂದೆ ಸೇರಿ ಬೆಳಗಿನವರೆಗೂ ನಡುಗಿದಳು. ನಾನು ಚಾಪೆ ಹಾಸಿ ಅಲ್ಲೇ ಮಲಗಿದೆ.

ನಾಯಿಗೆ ಇಡುವ ಈ ಪಾಲಿಗೆ ಇನ್ನೊಂದು ಮುಖವಿದೆ. ಅದನ್ನು ಮರೆಸಿ ಬರೆದರೆ ಸುಳ್ಳಾಗುತ್ತದೆ. ಹಿಂದೆ ಹುಚ್ಚುನಾಯಿ ಕಡಿದವರು ದೆಹಲಿಯಿಂದ ಕಾಲ್ಕಾ ಹಾದು ಕಸೌಲಿಯ ಬೆಟ್ಟ ಹತ್ತಬೇಕಿತ್ತು. ದೇಶದ ಮೊದಲ ಪಾಸ್ಚರ್ ಸಂಸ್ಥೆ ಅಲ್ಲಿ 1900ರಲ್ಲಿ ಶುರುವಾಯಿತು, ದಕ್ಷಿಣದವರಿಗೆ 1907ರಲ್ಲಿ ಕೂನೂರು. ಕಸೌಲಿಯಲ್ಲೇ ಡೇವಿಡ್ ಸೆಂಪಲ್ 1911ರಲ್ಲಿ ಕುರಿಯ ಮಿದುಳಿನಿಂದ ಲಸಿಕೆ ತಯಾರಿಸಿದ. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂದು ನಮ್ಮ ಹಿರಿಯರು ಹೆದರುತ್ತಿದ್ದುದು ಅದಕ್ಕೇ. ರೋಗ ಒಮ್ಮೆ ಕಾಣಿಸಿಕೊಂಡರೆ ಇಂದಿಗೂ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ.

ಬೀದಿನಾಯಿಗಳನ್ನು ಹಿಡಿದು, ಸಂತಾನಶಕ್ತಿ ಹರಣ ಮಾಡಿ, ಲಸಿಕೆ ಹಾಕಿ ಅಲ್ಲೇ ಬಿಡಬೇಕೆಂಬ ನಿಯಮ 2001ರಲ್ಲಿ ಬಂತು, 2023ರಲ್ಲಿ ಹೊಸ ರೂಪ ಪಡೆಯಿತು. ದೆಹಲಿಯಲ್ಲಿ ಅದು ಅರೆಬರೆ ನಡೆಯಿತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ದೆಹಲಿ, ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಿಗೆ ಸೇರಿಸಿ ಎಂದಿತು. ನನ್ನ ಸಹಿಯೂ ಅದೇ ತಿಂಗಳಿನದು. ಆ ವಾರ ಗಲ್ಲಿಯ ನಾಯಿಗಳನ್ನು ಜನ ಕೋಣೆಯೊಳಗೆ ಬಚ್ಚಿಟ್ಟರು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆದೇಶ ತಿದ್ದಿತು: ಹುಚ್ಚು ಹಿಡಿದವು, ಮೈಮೇಲೆ ಬೀಳುವವು ಬಿಟ್ಟು ಉಳಿದವನ್ನು ಲಸಿಕೆ ಹಾಕಿ ಅವವುಗಳ ಜಾಗಕ್ಕೇ ಬಿಡಿ, ಊಟ ಮಾತ್ರ ಗೊತ್ತುಮಾಡಿದ ಜಾಗದಲ್ಲೇ ಹಾಕಿ. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆಯಿರಿ ಎಂದಿತು.

ಮಾತಾಜಿಗೆ ಇದು ಅರ್ಥವಾಗಲಿಲ್ಲ. ಐವತ್ತು ವರ್ಷ ಮೆಟ್ಟಿಲ ಕೆಳಗೆ ಇಟ್ಟ ರೊಟ್ಟಿ ಈಗ ತಪ್ಪಾಯಿತೇ ಎಂದು ಅತ್ತರು. ನಾನು ಅವರ ಜೊತೆ ಕೂತು ಮಾತಾಡಿದೆ. ಮೆಟ್ಟಿಲ ಕೆಳಗೆ ಮಕ್ಕಳು ಆಡುತ್ತಾರೆ. ಪಾರ್ಕಿನ ಆಚೆ ಮೂಲೆ ಒಳ್ಳೆಯದು. ಕೋರ್ಟು ಹೇಳಿದ್ದು ಅಷ್ಟರಮಟ್ಟಿಗೆ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಕೊನೆಯ ರೊಟ್ಟಿ ಇಟ್ಟ ಮನೆಗೆ ತನ್ನ ಗಲ್ಲಿಯ ನಾಯಿ ಯಾವುದು, ಹೊಸದಾಗಿ ಬಂದದ್ದು ಯಾವುದು, ಮೂರು ದಿನದಿಂದ ಉಣ್ಣದೆ ಮಂಕಾಗಿರುವುದು ಯಾವುದು ಎಂದು ಗೊತ್ತಿರುತ್ತದೆ. ಯಾವ ಕಚೇರಿಯ ಪುಸ್ತಕದಲ್ಲೂ ಈ ಲೆಕ್ಕವಿಲ್ಲ. ಲಸಿಕೆಯ ಗಾಡಿ ಬಂದಾಗ ನಾಯಿಯನ್ನು ಹಿಡಿದು ಕೊಡಬಲ್ಲವರು ರೊಟ್ಟಿ ಹಾಕಿದವರೇ. ರೊಟ್ಟಿ ಹಾಕಿ ಸೂಜಿಯ ಗೊಡವೆಗೆ ಹೋಗದಿದ್ದರೆ ಆ ಪಾಲು ಅರ್ಧವೇ.

ನವೆಂಬರ್ 12ರ ಕಾಲಭೈರವಾಷ್ಟಮಿಗೆ ಕಾಳಿಯನ್ನು ಆಟೋದಲ್ಲಿ ಕೂರಿಸಿಕೊಂಡು ಕಿಲ್ಕಾರಿ ಭೈರವನಲ್ಲಿಗೆ ಹೋದೆ. ಹೊಗೆಗೆ ಕೋಟೆಯ ಗೋಡೆ ಅರ್ಧ ಮಾತ್ರ ಕಾಣುತ್ತಿತ್ತು. ದ್ವಾರದ ಹೊರಗೆ ಭಕ್ತರು ಹಾಲು, ಬಿಸ್ಕತ್ತು, ರೊಟ್ಟಿ ಹಿಡಿದು ನಾಯಿಗಳಿಗಾಗಿ ಕಾಯುತ್ತಿದ್ದರು. ಅಜ್ಜಿಯ ಚಿವುಟು ನೆನಪಾಯಿತು. ಡಬ್ಬಿಯಲ್ಲಿದ್ದ ರೊಟ್ಟಿ ಮುರಿದು ಕಾಳಿಗೆ ಅರ್ಧ, ಅಲ್ಲಿಯ ಒಂದು ಮುದಿ ನಾಯಿಗೆ ಅರ್ಧ ಹಾಕಿದೆ.

ಓದುವವರಲ್ಲಿ ಒಂದು ವಿನಂತಿ. ನಿಮ್ಮ ಬೀದಿಯ ನಾಯಿಗೆ ರೊಟ್ಟಿ ಹಾಕುವಾಗ ಅದರ ಕಿವಿ ನೋಡಿ. ತುದಿಯಲ್ಲಿ ಕತ್ತರಿಸಿದ ಗುರುತಿದ್ದರೆ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. ಇಲ್ಲದಿದ್ದರೆ ನಗರಪಾಲಿಕೆಗೆ ತಿಳಿಸಿ. ಕಚ್ಚಿದರೆ, ಪರಚಿದರೂ ಕೂಡ, ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಗಾಯ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ನಮ್ಮ ಗಲ್ಲಿಯಲ್ಲಿ ಈಗ ಏಳು ನಾಯಿಗಳಿವೆ. ಐದರ ಕಿವಿಗೆ ಗುರುತು ಬಿದ್ದಿದೆ. ಉಳಿದೆರಡನ್ನು ಮಾತಾಜಿ ರೊಟ್ಟಿ ಹಾಕಿ ಹತ್ತಿರ ಮಾಡಿಕೊಳ್ಳುತ್ತಿದ್ದಾರೆ.