ಬಿರುಗಾಳಿಯ ನಂತರದ ನಲವತ್ತು ವರ್ಷ

ಕ್ರೈಸ್ತ ಪರಂಪರೆಯಲ್ಲಿ ಪಾಪವನ್ನು ಬಿಟ್ಟ ಕಥೆಗಳು ಅನೇಕ ಸಲ ಪ್ರಯಾಣದ ಕಥೆಗಳೂ ಆಗಿರುತ್ತವೆ. ಸೌಲ ಬದಲಾದದ್ದು ದಮಸ್ಕದ ದಾರಿಯಲ್ಲಿ. ಯೋನ ದೇವರಿಂದ ತಪ್ಪಿಸಿಕೊಳ್ಳಲು ಹಡಗು ಹತ್ತಿ ಮೀನಿನ ಹೊಟ್ಟೆ ಸೇರಿದ. ದುಂದುಗಾರ ಮಗ ದೂರದೇಶದಿಂದ ಅಪ್ಪನ ಮನೆಗೆ ನಡೆದು ಬಂದ. ಪಶ್ಚಾತ್ತಾಪವನ್ನು ಹೇಳಲು ಹೀಬ್ರೂ ಬೈಬಲ್ಲು ಬಳಸುವ ‘ಶೂವ್’ ಎಂಬ ಕ್ರಿಯಾಪದದ ಮೂಲಾರ್ಥವೇ ತಿರುಗುವುದು, ಹಿಂದಿರುಗುವುದು. ನಮ್ಮ ಕನ್ನಡ ಬೈಬಲ್ಲಿನಲ್ಲೂ ದೇವರ ಕಡೆಗೆ ‘ತಿರುಗಿಕೊಳ್ಳುವ’ ಮಾತು ಬರುತ್ತದೆ.

ತಿರುಗಲು ಎಷ್ಟು ಕಾಲ ಬೇಕು? ಸಂಶೋಧನೆಗಾಗಿ ಕಡಲಯಾನದ ಕಥನಗಳನ್ನು ಓದುತ್ತಿರುವ ನನಗೆ ಈ ಪ್ರಶ್ನೆ ಎದುರಾದದ್ದು ಜಾನ್ ನ್ಯೂಟನ್‌ನ ಬರಹಗಳಲ್ಲಿ. ಜಗತ್ತಿಗೆ ಆತ ‘ಅಮೇಜಿಂಗ್ ಗ್ರೇಸ್’ ಎಂಬ ಸ್ತುತಿಗೀತೆಯ ಕವಿಯಾಗಿ ಪರಿಚಿತ. ಆತನ ಬಗ್ಗೆ ಹೇಳುವ ಕಥೆ ಚಿಕ್ಕದು: ಗುಲಾಮರ ಹಡಗಿನ ನಾವಿಕನೊಬ್ಬ ಬಿರುಗಾಳಿಗೆ ಸಿಕ್ಕ, ದೇವರನ್ನು ಕರೆದ, ಬದುಕಿದ, ಪಾಪ ಬಿಟ್ಟು ಪಾದ್ರಿಯಾದ. ದಾಖಲೆಗಳು ಹೇಳುವ ಕಥೆ ಇದಕ್ಕಿಂತ ಉದ್ದವಾಗಿದೆ, ಇದಕ್ಕಿಂತ ಕಹಿಯಾಗಿಯೂ ಇದೆ.

ನ್ಯೂಟನ್ 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ಏಳು ತುಂಬುವ ಮೊದಲೇ ತಾಯಿ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿಗೆ ತಂದೆಯ ಜೊತೆ ಕಡಲಿಗಿಳಿದ. ಬಲವಂತವಾಗಿ ನೌಕಾಪಡೆಗೆ ಸೇರಿಸಲ್ಪಟ್ಟು, ಅಲ್ಲಿಂದ ಓಡಿಹೋಗಿ, ಸಿಕ್ಕಿಬಿದ್ದು ಚಾಟಿಯೇಟು ತಿಂದ. ಮುಂದೆ ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಒಬ್ಬ ಗುಲಾಮರ ವ್ಯಾಪಾರಿಯ ಕೈಕೆಳಗೆ ಹಸಿವು, ಜ್ವರ, ಅವಮಾನ ಎಲ್ಲವನ್ನೂ ಕಂಡ. ಅಲ್ಲಿಂದ ಪಾರಾಗಿ ‘ಗ್ರೇಹೌಂಡ್’ ಹಡಗಿನಲ್ಲಿ ಊರಿಗೆ ಮರಳುವಾಗ, 1748ರ ಮಾರ್ಚ್‌ನಲ್ಲಿ, ಉತ್ತರ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಹಡಗು ಒಡೆದು ನೀರು ನುಗ್ಗಿತು. ಆತ ಗಂಟೆಗಟ್ಟಲೆ ಪಂಪು ಮಾಡಿ ನೀರು ಹೊರಹಾಕಿದ, ಆಮೇಲೆ ಚುಕ್ಕಾಣಿ ಹಿಡಿದು ನಿಂತ. ವರ್ಷಗಳ ನಂತರ ಮೊದಲ ಬಾರಿಗೆ ಪ್ರಾರ್ಥಿಸಿದ. ಕೊನೆಗೆ ಹಡಗು ಐರ್ಲೆಂಡಿನ ದಡ ಸೇರಿತು. ಮುಪ್ಪಿನವರೆಗೂ ಆತ ಪ್ರತಿವರ್ಷ ಆ ದಿನವನ್ನು ನೆನೆದು ಪ್ರಾರ್ಥಿಸುತ್ತಿದ್ದ.

ಅದೇ ವರ್ಷ ಆತ ಮತ್ತೆ ಗುಲಾಮರ ಹಡಗು ಹತ್ತಿದ. ಮೊದಲು ಕ್ಯಾಪ್ಟನ್ನನ ಕೆಳಗಿನ ಅಧಿಕಾರಿಯಾಗಿ, 1750ರಿಂದ 1754ರ ನಡುವೆ ತಾನೇ ಕ್ಯಾಪ್ಟನ್ ಆಗಿ ಮೂರು ಯಾನ. ಲಿವರ್‌ಪೂಲ್‌ನಿಂದ ಆಫ್ರಿಕಾ, ಅಲ್ಲಿ ಕೊಂಡ ಮನುಷ್ಯರನ್ನು ತುಂಬಿಕೊಂಡು ವೆಸ್ಟ್ ಇಂಡೀಸ್‌ನ ಆಂಟಿಗುವಾ ಅಥವಾ ಸೇಂಟ್ ಕಿಟ್ಸ್, ಅಲ್ಲಿಂದ ಮರಳಿ ಲಿವರ್‌ಪೂಲ್. ಆ ಯಾನಗಳ ದಿನಚರಿ ಉಳಿದಿದೆ. ಸತ್ತ ಬಂದಿಗಳನ್ನು ಅದರಲ್ಲಿ ಹೆಸರಿನ ಬದಲು ಸಂಖ್ಯೆಯಿಂದ ಗುರುತಿಸಲಾಗಿದೆ. ದಂಗೆಯ ಗುಟ್ಟು ಹೊರಡಿಸಲು ಬಂದಿಗಳಾಗಿದ್ದ ಹುಡುಗರ ಹೆಬ್ಬೆರಳುಗಳನ್ನು ತಿರುಪಿನ ಸಾಧನದಲ್ಲಿ ಹಿಂಡಿಸಿದ್ದನ್ನೂ ಆತ ದಾಖಲಿಸಿದ್ದಾನೆ. ಅದೇ ಯಾನಗಳಲ್ಲಿ ಹೆಂಡತಿ ಮೇರಿಗೆ ಪ್ರೀತಿಯ ಪತ್ರಗಳನ್ನು ಬರೆದ. ಭಾನುವಾರ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸಿದ.

ಇದನ್ನು ಬರೀ ಕಪಟವೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಆತ ನಿಜವಾಗಿಯೂ ಪಾಪ ಬಿಟ್ಟಿದ್ದ, ತನಗೆ ಪಾಪವೆಂದು ಕಂಡದ್ದನ್ನು. ಕೆಟ್ಟ ಬೈಗುಳ, ದೇವನಿಂದೆ ಇವು ಆತನ ನಾಲಗೆಯಿಂದ ಬೇಗನೆ ಹೋದವು. ಆದರೆ ಕಾಲಡಿಯ ಹಲಗೆಯ ಕೆಳಗೆ ಸರಪಳಿಯಲ್ಲಿ ಮಲಗಿದ್ದವರು ಆತನ ಪಾಪದ ಪಟ್ಟಿಗೆ ಬರಲೇ ಇಲ್ಲ. ಕಾನೂನು ಒಪ್ಪಿದ, ಊರಿನ ಗಣ್ಯರು ಹಣ ಹೂಡಿದ ಉದ್ಯೋಗವದು. ಆ ದಿನಗಳಲ್ಲಿ ಈ ಕಸುಬಿನ ಬಗ್ಗೆ ತನ್ನ ಮನಸ್ಸು ಚುಚ್ಚಲಿಲ್ಲವೆಂದು ಆತನೇ ಮುಂದೆ ಬರೆದುಕೊಂಡ. 1754ರಲ್ಲಿ ಆತ ಕಡಲು ಬಿಟ್ಟದ್ದು ಕೂಡ ಇದ್ದಕ್ಕಿದ್ದಂತೆ ಬಂದ ಕಾಯಿಲೆಯಿಂದ.

ಕಾಲವೇ ಹಾಗಿತ್ತು ಎನ್ನಬಹುದೇ? ಪೂರ್ತಿ ಹಾಗೆನ್ನಲಾಗದು. ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ ಕ್ವೇಕರರು 1688ರಲ್ಲೇ ಗುಲಾಮಗಿರಿಯನ್ನು ಪ್ರತಿಭಟಿಸಿ ಬರೆದಿದ್ದರು. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ 1774ರಲ್ಲಿ ಅದರ ವಿರುದ್ಧ ಪುಸ್ತಿಕೆ ಪ್ರಕಟಿಸಿದ. ಹಡಗಿನೊಳಗೆ ಇದ್ದವರಿಗಂತೂ ಅದು ಪಾಪವೆಂದು ಮೊದಲ ದಿನದಿಂದಲೇ ಗೊತ್ತಿತ್ತು. ಅವರನ್ನು ಯಾರೂ ಕೇಳಲಿಲ್ಲ.

ನ್ಯೂಟನ್ 1764ರಲ್ಲಿ ಓಲ್ನಿ ಎಂಬ ಊರಿನ ಪಾದ್ರಿಯಾದ. 1773ರ ಹೊಸವರ್ಷದ ದಿನದ ಉಪದೇಶಕ್ಕೆಂದು ಹೊಂದಿಸಿದ ಹಾಡು ಮುಂದೆ ‘ಅಮೇಜಿಂಗ್ ಗ್ರೇಸ್’ ಎಂದು ಹೆಸರಾಯಿತು, 1779ರಲ್ಲಿ ಅಚ್ಚಾಯಿತು. ಆಗಲೂ ಆತ ಗುಲಾಮರ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದಿರಲಿಲ್ಲ. 1785ರಲ್ಲಿ ಯುವ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ರಾಜಕೀಯ ಬಿಡಲೇ ಎಂಬ ತೊಳಲಾಟದಲ್ಲಿ ಆತನನ್ನು ಕಾಣಲು ಬಂದಾಗ, ಅಲ್ಲೇ ಇದ್ದು ಕೆಲಸ ಮಾಡು ಎಂದು ಬುದ್ಧಿ ಹೇಳಿದ. ಆ ವ್ಯಾಪಾರದ ಬಗ್ಗೆ ತಾನೇ ಬರೆದ ಪುಸ್ತಿಕೆ ಬಂದದ್ದು 1788ರಲ್ಲಿ. ತನ್ನ ತಪ್ಪೊಪ್ಪಿಗೆ ತೀರ ತಡವಾಯಿತೆಂದು ಅದರಲ್ಲಿ ಒಪ್ಪಿಕೊಂಡ. ಬಂದಿಗಳನ್ನು ಹೇಗೆ ಒತ್ತೊತ್ತಾಗಿ ಮಲಗಿಸುತ್ತಿದ್ದರು, ಹೆಂಗಸರ ಗತಿ ಏನಾಗುತ್ತಿತ್ತು ಎಂಬುದನ್ನು ಕಣ್ಣಾರೆ ಕಂಡವನಾಗಿ ವಿವರಿಸಿದ. ಸಂಸತ್ತಿನ ಸಮಿತಿಯ ಮುಂದೆಯೂ ಸಾಕ್ಷಿ ನುಡಿದ.

ಬಿರುಗಾಳಿಯಿಂದ ಈ ಪುಸ್ತಿಕೆಗೆ ಸರಿಯಾಗಿ ನಲವತ್ತು ವರ್ಷ. ಇಸ್ರಾಯೇಲರು ಐಗುಪ್ತ ಬಿಟ್ಟ ಮೇಲೆ ಅರಣ್ಯದಲ್ಲಿ ಅಲೆದದ್ದೂ ಅಷ್ಟೇ ವರ್ಷ ಎಂಬುದು ಬೈಬಲ್ ಓದುಗರಿಗೆ ನೆನಪಾದೀತು. ನ್ಯೂಟನ್‌ನ ಬದುಕಿನಿಂದ ನಾನು ತಿಳಿದದ್ದು ಇಷ್ಟು: ಪಾಪವನ್ನು ಬಿಡುವ ಮೊದಲು ಅದನ್ನು ಕಾಣಬೇಕು, ಎಲ್ಲರೂ ಕಸುಬು, ಪದ್ಧತಿ, ಕಾನೂನು ಎಂದು ಕರೆಯುವುದರೊಳಗೆ ಅದು ಅಡಗಿದ್ದರೆ ಒಂದು ರಾತ್ರಿಯ ಕಣ್ಣೀರಿಗೆ ಅದು ಕಾಣುವುದಿಲ್ಲ. ಕಂಡ ಮೇಲೂ, ದೇವರ ಮುಂದೆ ಒಪ್ಪಿಕೊಂಡರೆ ಮುಗಿಯಲಿಲ್ಲ. ನೊಂದವರ ಪರವಾಗಿ, ನಾಚಿಕೆ ನುಂಗಿಕೊಂಡು, ನಾಲ್ಕು ಜನರೆದುರು ಹೇಳಬೇಕು.

ಈ ತಡದ ಬೆಲೆ ತೆತ್ತವರು ಬೇರೆಯವರು ಎಂಬುದನ್ನೂ ಮರೆಯುವಂತಿಲ್ಲ. ಅಟ್ಲಾಂಟಿಕ್ ಗುಲಾಮರ ವ್ಯಾಪಾರದ ಶತಮಾನಗಳಲ್ಲಿ ಆಫ್ರಿಕಾದಿಂದ ಹಡಗು ಹತ್ತಿಸಲ್ಪಟ್ಟವರು ಸುಮಾರು 1 ಕೋಟಿ 25 ಲಕ್ಷ ಎಂದು ಇತಿಹಾಸಕಾರರ ಅಂದಾಜು. ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರ ಮಾರ್ಚ್‌ನಲ್ಲಿ. ಅದೇ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡ. ಆತನ ಹಾಡನ್ನು ಮುಂದೆ ತಮ್ಮದಾಗಿಸಿಕೊಂಡವರಲ್ಲಿ ಅಮೆರಿಕದ ಕಪ್ಪು ಜನರ ಚರ್ಚುಗಳೂ ಇವೆ. ಅಂಥ ಹಡಗುಗಳ ಒಡಲಲ್ಲಿ ಸಂಖ್ಯೆಗಳಾಗಿ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿ ಅದನ್ನು ಹಾಡುತ್ತ ಬಂದಿದ್ದಾರೆ.